ಎರಡನೆಯ ಕುಣಿಕೆ

"ಅವಳು ತಂದ ಮೇಣದಲ್ಲಿ ಹೂ ಮಾಡ್ಬೇಡ ಮಗಳೇ. ಮಾಡಿದ್ರೂ, ಚರ್ಚಿಗೆ ಹೋಗೋ ಮುಂಚೆ ಆ ಮಾಲೇನ ಯಾರ ಹೆಗಲಿಗೂ ಹಾಕ್ಬೇಡ."

ಪಕ್ಕದ ಮನೆಯ ದೊನ್ಯಾ ಕುಕಾ ಹೀಗೆಂದಾಗ ರೆನಾತಾಳಿಗೆ ನಗು ಬಂತು. ಮೇಣದಲ್ಲಿ ಕಿತ್ತಳೆ ಹೂ ಅರಳಿಸುವುದನ್ನು ಕಲಿಸಿದ್ದೇ ಈ ಮುದುಕಿ. ಆದರೆ ಕೆಲಸ ಕಲಿಸಿದ್ದಕ್ಕಿಂತ ಹೆದರಿಸಿದ್ದೇ ಹೆಚ್ಚು. ಮೆಕ್ಸಿಕೊ ನಗರದಲ್ಲಿ ಹುಟ್ಟಿ ಬೆಳೆದ ರೆನಾತಾ ಇಂಥದ್ದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. ತಾಯಿ ಸತ್ತ ಮೇಲೆ ತಂಗಿ ಇತ್ಸೆಲಳನ್ನು ಕಟ್ಟಿಕೊಂಡು ಈ ಬೆಟ್ಟದೂರಿಗೆ ಬಂದು, ಮದುಮಕ್ಕಳಿಗೆ ಕಿರೀಟ, ಲಾಸೊ ಮಾಡುವ ಅಂಗಡಿ ತೆರೆದಿದ್ದಳು. ಲಾಸೊ ಎಂದರೆ ಎರಡು ಕುಣಿಕೆಯ ಒಂದೇ ಹೂಮಾಲೆ. ಪಾದ್ರಿಯ ಎದುರು ಒಂದು ಕುಣಿಕೆ ಗಂಡಿನ ಹೆಗಲಿಗೆ, ಇನ್ನೊಂದು ಹೆಣ್ಣಿನ ಹೆಗಲಿಗೆ. ಅಲ್ಲಿಗೆ ಇಬ್ಬರೂ ಒಂದು.

ಮುಗಿದ ಪ್ರತಿಯೊಂದು ಲಾಸೊವನ್ನೂ ಅವಳು ತಂಗಿಗೆ ತೊಡಿಸಿ ಫೋಟೊ ತೆಗೆದು ಫೋನಿನಲ್ಲಿ ಹಾಕುತ್ತಿದ್ದಳು. ಅದನ್ನು ನೋಡಿಯೇ ಗಿರಾಕಿಗಳು ಬರುತ್ತಿದ್ದರು. ನಲವತ್ತು ಸಲ ಮದುಮಗಳಾದರೂ ಇತ್ಸೆಲಳಿಗೆ ಒಂದು ನೆಗಡಿಯೂ ಆಗಿರಲಿಲ್ಲ.

ಈ ಸಲ ಬಂದವಳು ಲುದಿವಿನಾ ಎಂಬ ಬಡಕಲು ಹುಡುಗಿ. ಬಟ್ಟೆಯಲ್ಲಿ ಸುತ್ತಿದ್ದ ಮೇಣದ ತುಂಡುಗಳನ್ನು ಮುಂದಿಟ್ಟು, ಇವು ತನ್ನ ಮದುಮಗ ಎವೆರಾರ್ದೊನ ಮನೆಯವು, ಹೂಗಳನ್ನೆಲ್ಲ ಇದರಲ್ಲೇ ಮಾಡಬೇಕು ಎಂದಿದ್ದಳು. ಗಂಡು ದೂರದಲ್ಲಿದ್ದಾನಂತೆ. ಶುಕ್ರವಾರ ಬಂದು ಕರೆದುಕೊಂಡು ಹೋಗುತ್ತಾನಂತೆ. ಅವಳು ಹೋದ ಮೇಲೆ ದೊನ್ಯಾ ಕುಕಾ ಮೇಣವನ್ನು ಮೂಸಿ ನೋಡಿ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. ಹೆಣದ ತಲೆದೆಸೆಯಲ್ಲಿ ಉರಿದ ಮೇಣವಿದು ಎಂದಳು. ಕರಗಿದ ಮೇಲೆ ಎಲ್ಲ ಮೇಣವೂ ಒಂದೇ ಎಂದು ರೆನಾತಾ ಒಲೆ ಹಚ್ಚಿದಳು.

ಮೇಣ ಕರಗುತ್ತಿದ್ದಂತೆ ಅಂಗಡಿಯಲ್ಲಿ ವಾಸನೆ ಏರಿತು. ಹಸಿ ಮಣ್ಣು. ಕೊಳೆತ ಚೆಂಡುಹೂ. ಸಾವಿನ ಮನೆಯಲ್ಲಿ ಬಂದವರಿಗೆಲ್ಲ ಕೊಡುವ ದಾಲ್ಚಿನ್ನಿ ಕಾಫಿ. ರೆನಾತಾ ಕಿಟಕಿ ತೆರೆದಿಟ್ಟು ಕೆಲಸ ಮುಂದುವರಿಸಿದಳು.

ಶುಕ್ರವಾರ ನಡುಮಧ್ಯಾಹ್ನಕ್ಕೆ ಮಾಲೆ ಮುಗಿಯಿತು. ಅವಳು ಒಂದು ಕುಣಿಕೆಯನ್ನು ತಂಗಿಯ ಹೆಗಲಿಗೆ ಹಾಕಿದಳು.

"ಪ್ರತಿ ಸಲ ನಾನೊಬ್ಳೇ ಮದ್ವೆ ಆಗೋದಾ? ಗಂಡು ಎಲ್ಲಿ ಅಕ್ಕಾ?" ಎಂದು ಇತ್ಸೆಲ್ ತಮಾಷೆ ಮಾಡಿದಳು.

ಇನ್ನೊಂದು ಕುಣಿಕೆಯನ್ನು ರೆನಾತಾ ಪಕ್ಕಕ್ಕೆ ಇಳಿಬಿಟ್ಟಳು.

ಅದು ಇಳಿಯಲಿಲ್ಲ.

ಗಾಳಿಯಲ್ಲೇ ನಿಂತಿತು. ಗಂಡಸಿನ ಹೆಗಲೆತ್ತರಕ್ಕೆ. ಹೊರಗೆ ಸುಡುಬಿಸಿಲು, ಒಳಗೆ ಕತ್ತಲು ಕವಿಯಿತು. ಕಾಫಿಯ ವಾಸನೆ ಗಂಟಲಿಗಿಳಿಯಿತು. ರೆನಾತಾ ಮಾಲೆಗೆ ಕೈ ಹಾಕಿದಳು. ಹೂಗಳು ಮಂಜಿನಂತೆ ತಣ್ಣಗಿದ್ದವು. ಎಳೆದಳು. ಬರಲಿಲ್ಲ. ಕತ್ತರಿ ತಂದಳು. ದಾರ ತುಂಡಾಗಲಿಲ್ಲ. ಕತ್ತರಿಯೇ ಬಾಗಿತು.

"ಅಕ್ಕಾ," ಇತ್ಸೆಲಳ ದನಿ ಸಣ್ಣದಾಯಿತು. "ಯಾರೋ ನನ್ನ ಕೈ ಹಿಡ್ಕೊಂಡಿದಾರೆ."

ರೆನಾತಾ ತಂಗಿಯನ್ನು ಬಾಚಿ ತಬ್ಬಿಕೊಂಡಳು. ಬಿಡಲಿಲ್ಲ. ಬಿಡಲೇ ಇಲ್ಲ. ತೋಳಿನೊಳಗೇ ಇತ್ಸೆಲಳ ಉಸಿರು ನಿಧಾನವಾಯಿತು. ಇನ್ನೊಂದು ಬಂತು. ಮತ್ತೊಂದು ಬರಲಿಲ್ಲ. ಆಮೇಲೆ ಖಾಲಿ ಕುಣಿಕೆ ಮೆಲ್ಲಗೆ ನೆಲಕ್ಕೆ ಬಿತ್ತು.

ಕೂಗು ಕೇಳಿ ದೊನ್ಯಾ ಕುಕಾ ಓಡಿ ಬಂದಳು. ಅವಳ ಹಿಂದೆಯೇ ಬಿಳಿ ನಿಲುವಂಗಿ ತೊಟ್ಟ ಲುದಿವಿನಾ. ಮಾಲೆಗೆಂದು ಬಂದವಳು ಹೊಸ್ತಿಲಲ್ಲೇ ಕುಸಿದಳು.

"ಎವೆರಾರ್ದೊ ಸತ್ತು ಹನ್ನೊಂದು ದಿನ ಆಯ್ತು. ನನ್ನನ್ನ ಕರ್ಕೊಂಡು ಹೋಗೋಕೆ ಬಂದಿದ್ದ. ಆ ಕುಣಿಕೆ ನನ್ನದು ಅಕ್ಕಾ. ಇವಳಿಗ್ಯಾಕೆ ಹಾಕಿದ್ರಿ?"

ರೆನಾತಾಳ ಕಪಾಟಿನಲ್ಲಿ ಒಂದು ಕಿರೀಟವಿತ್ತು. ಮದುವೆಯಾಗದೆ ಸತ್ತ ಹುಡುಗಿಯನ್ನು ಈ ಊರಿನಲ್ಲಿ ಕಿತ್ತಳೆ ಹೂವಿನ ಕಿರೀಟವಿಟ್ಟು ಮಣ್ಣು ಮಾಡುತ್ತಾರೆ. ಅವಳು ಅದನ್ನು ತಂದು ತಂಗಿಯ ತಲೆಗಿಡಲು ಹೋದಾಗ ದೊನ್ಯಾ ಕುಕಾ ಕೈ ಹಿಡಿದಳು.

"ಅದು ಕನ್ಯೆಯರಿಗೆ ಮಗಳೇ. ಇವಳಿಗೆ ಮದ್ವೆ ಆಗೋಯ್ತು. ಅವನ ಪಕ್ಕದಲ್ಲೇ ಮಲಗಿಸ್ಬೇಕು."

ಮುದುಕಿಯ ಯಾವ ಮಾತಿಗೂ ತಲೆಬಾಗದವಳು ಈಗ ಕಿರೀಟವನ್ನು ಕೆಳಗಿಟ್ಟಳು. ತಂಗಿಯ ತಣ್ಣನೆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಕೊನೆಗೆ ಲುದಿವಿನಾಳ ಕಡೆ ತಿರುಗಿ, ಹೆಣ್ಣು ಕೊಡುವ ಮನೆಯ ಹಿರಿಯಳ ಹಾಗೆ ಕೇಳಿದಳು:

"ಹುಡುಗ ಒಳ್ಳೆಯವನಾ?"

ಲುದಿವಿನಾ ಕಣ್ಣೊರೆಸಿಕೊಂಡಳು.

"ತುಂಬಾ ಒಳ್ಳೆಯವನು ಅಕ್ಕಾ. ಒಬ್ನೇ ಇರೋದು ಮಾತ್ರ ಅವನಿಗೆ ಆಗ್ತಿರಲಿಲ್ಲ."