ಲಿಮಾನಸ್‌ನ ಕಡಲು ತೆರೆದ ದಿನ

ಸೊಂಗನ್ ಮೋಟಾರು ದೋಣಿಯನ್ನು ಮರಳಿಗೆ ತಾಗಿಸಿ, ಇಬ್ಬರು ಅತಿಥಿಗಳನ್ನು ಇಳಿಸಿ, ಅವರ ಸರ್ಫಿಂಗ್ ಹಲಗೆಗಳನ್ನು ತಲೆಯ ಮೇಲೆ ಹೊತ್ತು ನೇರವಾಗಿ ಡಾರ್ಕಸ್‌ಳ ಅಡುಗೆಮನೆಯ ಬಾಗಿಲಿಗೇ ಬಂದ.

"ಅತಿಥಿಗಳು ಮಲಗೋ ಮನೆ ಆ ಕಡೆ," ಎಂದಳು ಅವಳು, ಒಲೆಯಿಂದ ತಲೆ ಎತ್ತದೆ.

"ಗೊತ್ತು."

"ಗೊತ್ತಿದ್ದೂ ಇಲ್ಲಿಗ್ಯಾಕೆ ಬಂದೆ?"

"ಹೊಗೆ ಜಾಸ್ತಿ ಕಾಣಿಸ್ತು. ಮನೆಗೇ ಬೆಂಕಿ ಬಿತ್ತೇನೋ ಅಂದ್ಕೊಂಡೆ."

ಡಾರ್ಕಸ್ ಕೆಳತುಟಿ ಕಚ್ಚಿಕೊಂಡಳು. ಗಂಡ ಸತ್ತು ಕಪ್ಪು ಬಟ್ಟೆ ತೊಟ್ಟ ಹೆಂಗಸು ನಕ್ಕರೆ ಪಕ್ಕದ ಮನೆಗೂ ಕೇಳಿಸುತ್ತದೆ. ಅವಳು ಒಂದು ಬೆಂದ ಕೆಸುವಿನ ಗೆಡ್ಡೆಯನ್ನು ಎಲೆಯಲ್ಲಿಟ್ಟು ಅವನತ್ತ ತಳ್ಳಿದಳು. "ತಗೊಂಡು ಹೋಗು. ಬಾಯಿ ತುಂಬಿದ್ರೆ ಮಾತು ಕಮ್ಮಿ ಆಗತ್ತೆ."

ಅವನು ತಿನ್ನುತ್ತಾ ಹೋದ. ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದ. ಅವಳು ನೋಡುತ್ತಿರಲಿಲ್ಲ, ಅಥವಾ ಅವನು ತಿರುಗುವ ಮೊದಲೇ ನೋಡಿ ಮುಗಿಸಿದ್ದಳು.

ಲಿಮಾನಸ್ ಎಂಬ ಆ ದ್ವೀಪದೂರಿಗೆ ಹಲಗೆಯ ಮೇಲೆ ನಿಂತು ಅಲೆಯೇರುವ ಸರ್ಫರ್‌ಗಳು ಬರುತ್ತಿದ್ದುದು ಊರೆದುರಿನ ಹವಳದ ದಿಬ್ಬದ ಮೇಲೆ ಏಳುವ ಅಲೆಗಾಗಿ. ಅವರನ್ನು ಮನೆಮನೆಗೂ ಸರದಿಯಂತೆ ಹಂಚಿ ಕಳಿಸುವುದು ಊರಿನ ಕಮಿಟಿ. ಆ ಕಮಿಟಿಯನ್ನು ಕಟ್ಟಿದವನೇ ಡಾರ್ಕಸ್‌ಳ ಗಂಡ ಲಮಾವ್. ಹಿಂದಿನ ವರ್ಷ ಜ್ವರ ತಲೆಗೇರಿ ಅವನು ತೀರಿಕೊಂಡಾಗ, ಹಿರಿಯರು ದಿಬ್ಬದ ತುದಿಯಲ್ಲಿ ತೆಂಗಿನ ಗರಿ ಕಟ್ಟಿದ ಗಳು ನೆಟ್ಟರು. ಸಾವಿನ ಕೊನೆಯ ಔತಣ ಮುಗಿಯುವವರೆಗೆ ಅಲ್ಲಿ ಬಲೆ ಬೀಸುವಂತಿಲ್ಲ, ಅಲೆ ಏರುವಂತಿಲ್ಲ. ಡಾರ್ಕಸ್ ಕಪ್ಪು ಬಿಚ್ಚುವಂತಿಲ್ಲ, ಉಪ್ಪುನೀರಿಗೆ ಕಾಲಿಡುವಂತಿಲ್ಲ.

ಬಂದ ಅತಿಥಿಗಳನ್ನು ದೂರದ ದಿಬ್ಬಕ್ಕೆ ಕರೆದೊಯ್ಯಲು ದೋಣಿ ಬೇಕಾಯಿತು. ಹಾಗಾಗಿಯೇ ಪಕ್ಕದ ದ್ವೀಪದಿಂದ ಸೊಂಗನ್ ಬಂದದ್ದು.

ನಡೆಯಲು ಕಲಿಯುವ ಮೊದಲೇ ಈಜಿದವಳು ಡಾರ್ಕಸ್. ಈಗ ನೀರಿನಿಂದ ನಾಲ್ಕು ಮಾರು ಈಚೆಗೆ ನಿಂತು, ನೊರೆ ಹತ್ತಿರ ಬಂದರೆ ಹಿಂದೆ ಸರಿಯುತ್ತಿದ್ದಳು. ದಿನಾ ಸಂಜೆ ಸೊಂಗನ್ ಮೈಯೆಲ್ಲ ಉಪ್ಪು ಹತ್ತಿಸಿಕೊಂಡು ಬಂದು ಅಡುಗೆಮನೆಯ ಕಂಬಕ್ಕೆ ಒರಗಿ, ಕಡಲಿನ ಸುದ್ದಿ ಹೇಳುತ್ತಿದ್ದ.

"ಇವತ್ತು ಅಲೆ ಹೇಗಿತ್ತು?"

"ಸೋಮಾರಿ. ನಿನ್ನ ಅತಿಥಿಗಳ ಹಾಗೆ."

"ಗಾಳಿ?"

"ಬೆಳಿಗ್ಗೆ ದಡದಿಂದ ಕಡಲಿನ ಕಡೆಗೆ, ಮೆತ್ತಗೆ. ನೀನಿದ್ದಿದ್ರೆ ಊಟಕ್ಕೂ ವಾಪಸ್ ಬರ್ತಿರಲಿಲ್ಲ."

ಅವಳು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಮಾತು ಮುಗಿದರೂ ಕಣ್ಣು ತೆರೆಯಲು ತುಸು ತಡವಾಗುತ್ತಿತ್ತು. ಆ ಹೊತ್ತಿನಲ್ಲಿ ಅವನು ತನ್ನನ್ನೇ ನೋಡುತ್ತಿರುತ್ತಾನೆಂದು ಅವಳಿಗೆ ಗೊತ್ತಿತ್ತು.

ಒಂದು ಮುಂಜಾನೆ ಎಚ್ಚರವಾದಾಗ ಲಮಾವ್‌ನ ನೆನಪಿಗಿಂತ ಮೊದಲು ಆ ದೋಣಿಯ ಮೋಟಾರಿನ ಸದ್ದಿಗಾಗಿ ಕಿವಿ ಕಾದದ್ದು ತಿಳಿದು, ಅವಳು ಚಾಪೆಯ ಮೇಲೆ ಕುಳಿತು ಅತ್ತಳು. ಲಮಾವ್ ಒಳ್ಳೆಯವನಾಗಿದ್ದ. ಅವನನ್ನು ಅವಳು ಮನಸಾರೆ ಪ್ರೀತಿಸಿದ್ದಳು. ಅದರಲ್ಲಿ ಒಂದು ಚೂರೂ ಸುಳ್ಳಿರಲಿಲ್ಲ. ಇದೂ ಸುಳ್ಳಲ್ಲವೆಂಬುದೇ ಅವಳ ಸಂಕಟ.

ಕ್ರಿಸ್‌ಮಸ್ ಕಳೆದ ಮೇಲೆ ಸೊಂಗನ್ ಅಡುಗೆಮನೆಗೆ ಬರುವುದನ್ನು ಬಿಟ್ಟ. ಅತಿಥಿಗಳನ್ನು ದಡದಲ್ಲೇ ಇಳಿಸಿ ಹೋಗಿಬಿಡುತ್ತಿದ್ದ. ದಾರಿಯಲ್ಲಿ ಎದುರಾದರೆ, "ಹೇಗಿದ್ದೀಯಾ?" ಎಂದಷ್ಟೇ ಕೇಳಿ ನೆಲ ನೋಡುತ್ತಿದ್ದ. ಯಾಕೆಂದು ಕೇಳುವ ಹಕ್ಕು ಡಾರ್ಕಸ್‌ಗೆ ಎಲ್ಲಿತ್ತು? ಸಂಜೆ ಒಲೆಯ ಮುಂದೆ ಕುಳಿತು, ಇವತ್ತು ಗಾಳಿ ಯಾವ ಕಡೆಯಿಂದ ಬೀಸಿತೆಂದು ಹೊಗೆಯನ್ನು ನೋಡಿ ತಾನೇ ಊಹಿಸುತ್ತಿದ್ದಳು.

ಮಾರ್ಚ್‌ನಲ್ಲಿ ಔತಣ ನಡೆಯಿತು. ಹಂದಿಗಳು ಬಿಸಿಕಲ್ಲಿನ ಮೇಲೆ ಬೆಂದವು, ನಾಲ್ಕೂರಿನ ಜನ ಕುಣಿದರು, ಹಿರಿಯರು ಗಳು ಕಿತ್ತರು. ಮರುದಿನ ಬೆಳಿಗ್ಗೆ ಅತ್ತೆ ಕೆಜಿಯಾ ಅವಳ ಕೈಹಿಡಿದು ಕಡಲಿಗೆ ಇಳಿಸಿದಳು. ಸೊಂಟದವರೆಗೆ ನೀರು ಬಂದಾಗ ಡಾರ್ಕಸ್ ಅದನ್ನು ಅಂಗೈಯಿಂದ ಮೆಲ್ಲಗೆ ಸವರಿದಳು. ಅತ್ತೆ ಅವಳ ಕಪ್ಪು ಅಂಗಿಯನ್ನು ಹರಿದು ತೆಗೆದು, ಬೊಗಸೆಬೊಗಸೆ ನೀರು ತಲೆಗೆ ಹೊಯ್ದು, ಹಳದಿ ಹೂವಿನ ಹೊಸ ಅಂಗಿ ತೊಡಿಸಿದಳು.

"ನನ್ನ ಮಗನಿಗೆ ಮಾಡಬೇಕಾದ್ದೆಲ್ಲ ಮಾಡಿದೆ ಮಗಳೇ. ಇನ್ನು ಅವನನ್ನ ನನಗೆ ಬಿಡು."

ಇಬ್ಬರೂ ಅಪ್ಪಿಕೊಂಡು ಅತ್ತರು. ಅತ್ತು ಮುಗಿದ ಮೇಲೆ ಅತ್ತೆ ಮೂಗೊರೆಸಿಕೊಂಡು ಮೆಲ್ಲಗೆ ಕೇಳಿದಳು, "ಆ ದೋಣಿಯವನು ನಿನ್ನ ಹತ್ರ ಏನಾದ್ರೂ ಹೇಳಿದ್ನಾ?"

"ಅವನು ಮಾತಾಡೋದೇ ಬಿಟ್ಟಿದಾನೆ ಅತ್ತೆ."

"ನನ್ನ ಹತ್ರ ಬಂದಿದ್ದ, ಹೊಸವರ್ಷದ ಹೊತ್ತಿಗೆ. ನಿನ್ನನ್ನ ಮದುವೆಗೆ ಕೇಳಬಹುದಾ ಅಂದ. ನನ್ನ ಮಗನ ಕೊನೇ ಔತಣ ಮುಗಿಯೋ ತನಕ ಆ ಬಾಗಿಲಿಗೆ ಹೋಗಬೇಡ ಅಂದೆ." ಅತ್ತೆ ಕಡಲಿನತ್ತ ನೋಡಿದಳು. "ಸ್ವಲ್ಪ ಗಡಸಾಗೇ ಅಂದೆ. ಪೆದ್ದ, ಬೇಡವೇ ಬೇಡ ಅಂತ ತಿಳ್ಕೊಂಡ ಅಂತ ಕಾಣತ್ತೆ. ಇವತ್ತು ಹೊರಟುಬಿಟ್ಟಿದಾನೆ."

ಊರೆದುರಿನ ದಿಬ್ಬ ತೆರೆಯಿತೆಂದರೆ ಸರ್ಫರ್‌ಗಳಿಗೆ ದೋಣಿ ಬೇಕಿಲ್ಲ. ತನಗೆ ಕಡಲು ಸಿಕ್ಕ ದಿನವೇ ಅವನ ಕೆಲಸ ಹೋಯಿತೆಂಬುದು ಡಾರ್ಕಸ್‌ಗೆ ಆಗ ಹೊಳೆಯಿತು. ಆಚೆ, ಕೊನೆಯ ಅತಿಥಿಗಳನ್ನು ಪಟ್ಟಣದ ವಿಮಾನಕ್ಕೆ ಬಿಡಲು ಸೊಂಗನ್‌ನ ದೋಣಿ ಹೊರಟಾಗಿತ್ತು.

ಅವಳು ಮನೆಗೆ ಓಡಿದಳು. ಜಂತಿಯ ಮೇಲಿದ್ದ ತನ್ನ ಹಳೆಯ ಸರ್ಫಿಂಗ್ ಹಲಗೆಯನ್ನು ಎಳೆದು, ಜೇಡರ ಬಲೆಯನ್ನೂ ಒರೆಸದೆ ನೀರಿಗೆ ಬಿದ್ದಳು. ತೋಳು ಮರೆತಿರಲಿಲ್ಲ. ಮೊದಲ ಅಲೆ ಮುಖಕ್ಕೆ ಹೊಡೆದಾಗ ಉಪ್ಪು ಗಂಟಲಿಗಿಳಿಯಿತು. ಅದೆಷ್ಟು ಸಿಹಿಯಾಗಿತ್ತೆಂದು ಅವಳಿಗೇ ಅಚ್ಚರಿ.

ದಿಬ್ಬದ ಸಂದಿನಲ್ಲಿ ದೋಣಿ ಅಲೆ ಇಳಿಯಲೆಂದು ಕಾಯುತ್ತಿತ್ತು. ಸೊಂಗನ್ ಹಳದಿ ಅಂಗಿಯನ್ನು ಕಂಡು ಮೋಟಾರು ನಿಲ್ಲಿಸಿದ.

"ಎಲ್ಲಿಗೆ?" ಎಂದಳು ಅವಳು ಏದುಸಿರು ಬಿಡುತ್ತಾ.

"ಪಟ್ಟಣಕ್ಕೆ. ಆಮೇಲೆ ನಮ್ಮೂರಿಗೆ."

"ಹೇಳದೆ ಹೋಗ್ತೀಯಾ?"

"ಹೇಳೋದಕ್ಕೆ ಬಂದೆ. ಬಾಗಿಲಿಗೆ ಬರಬೇಡ ಅಂದ್ರು ನಿನ್ನ ಅತ್ತೆ."

"ಅವರು ತಡಿ ಅಂದ್ರು. ನೀನು ಬೇಡ ಅಂತ ಕೇಳಿಸ್ಕೊಂಡೆ." ಅಲೆ ಅವಳನ್ನು ಎತ್ತಿ ಇಳಿಸಿತು. "ನನ್ನ ಹತ್ರ ಯಾರು ಕೇಳಿದ್ರು?"

ದೋಣಿಯಲ್ಲಿದ್ದ ಬಿಳಿಯ ಹುಡುಗ, ಏನಾದರೂ ಮರೆತು ಬಂದೆವಾ ಎಂದು ಇಂಗ್ಲಿಷಿನಲ್ಲಿ ಕೇಳಿದ. ಸೊಂಗನ್‌ಗೆ ಕೇಳಿಸಲಿಲ್ಲ.

"ಡಾರ್ಕಸ್, ಈಗ ಕೇಳಲಾ?"

"ಬೇಡ, ನಾನೇ ಹೇಳ್ತೀನಿ. ಇಲ್ಲಿ ನೆಲ ಹೆಣ್ಣುಮಕ್ಕಳದು, ಮನೆ ನಂದು. ನಾನು ನಿನ್ನೂರಿಗೆ ಬರೋದಿಲ್ಲ. ನೀನೇ ಬರಬೇಕು. ದೋಣಿಗೆ ಕೆಲಸ ಇಲ್ಲದಿದ್ರೆ ಮೀನು ಹಿಡಿ." ಅವಳ ದನಿ ತಗ್ಗಿತು. "ಸಂಜೆ ಹೊತ್ತು ನನಗೆ ಕಡಲಿನ ಸುದ್ದಿ ಹೇಳೋಕೆ ಯಾರೂ ಇಲ್ಲ."

"ನೀನೇ ಕಡಲಿಗೆ ಇಳಿದಿದ್ದೀಯಲ್ಲ."

"ಆದ್ರೂ ನೀನು ಹೇಳಿದ್ರೇ ಚೆಂದ."

ಸೊಂಗನ್ ದೋಣಿಯ ಅಂಚಿಗೆ ಬಾಗಿ, ಒದ್ದೆಯಾದ ಅವಳ ಕೆನ್ನೆಗೆ ಅಂಟಿದ್ದ ಜೇಡರ ಬಲೆಯ ಎಳೆಯೊಂದನ್ನು ಬೆರಳಿನಿಂದ ತೆಗೆದ. ಅಷ್ಟೇ ಮುಟ್ಟಿದ್ದು.

"ಇವರ ವಿಮಾನ ತಪ್ಪಿಸೋ ಹಾಗಿಲ್ಲ. ಹೋಗಿ, ಊರಲ್ಲಿ ನಮ್ಮಮ್ಮನಿಗೆ ಹೇಳಿ ಬರ್ತೀನಿ. ಗಾಳಿ ಹದವಾಗಿದ್ರೆ ಭಾನುವಾರ."

"ಹದವಾಗಿಲ್ದಿದ್ರೆ?"

ಉತ್ತರವಾಗಿ ಅವನು ಬಟ್ಟೆಬರೆ ತುಂಬಿದ್ದ ತನ್ನ ಚೀಲವನ್ನು ಎತ್ತಿ ಅವಳ ಹಲಗೆಯ ಮೇಲಿಟ್ಟ. "ಇದನ್ನ ಒಳಗಿಡು. ಮೈಮೇಲಿರೋ ಇದೊಂದು ಅಂಗೀಲಿ ಎಷ್ಟು ದಿನ ಅಂತ ಇರ್ಲಿ ನಾನು?"

ದೋಣಿ ಸಂದು ದಾಟಿ ಚಿಕ್ಕದಾಗುವವರೆಗೆ ಅವಳು ಅಲ್ಲೇ ತೇಲುತ್ತಿದ್ದಳು. ಆಮೇಲೆ ಚೀಲ ನೆನೆಯದಂತೆ ಗದ್ದದಿಂದ ಒತ್ತಿ ಹಿಡಿದು ಕೈಯಿಂದಲೇ ಹುಟ್ಟುಹಾಕುತ್ತಾ ದಡ ಸೇರಿದಳು. ಹೆಂಗಸರೆಲ್ಲ ನೀರಿನಂಚಿಗೆ ಬಂದು ನಿಂತಿದ್ದರು. ಗಂಡಸಿನ ಚೀಲವನ್ನು ತಲೆಯ ಮೇಲಿಟ್ಟುಕೊಂಡು, ಒದ್ದೆ ಹಳದಿ ಅಂಗಿಯಲ್ಲಿ, ಊರಿಡೀ ನೋಡುತ್ತಿರುವಾಗಲೇ ಡಾರ್ಕಸ್ ನಿಧಾನವಾಗಿ ತನ್ನ ಮನೆಯ ಮೆಟ್ಟಿಲು ಹತ್ತಿದಳು.