ಒಂದು ಬೆರಳಿನಷ್ಟು

ಶಂಕ್ರೆಪ್ಪ ಅಂಗೈ ತಿರುಗಿಸಿದೊಡನೆ ಮಗ್ಗದ ಮುಂದೆ, ಬರಿಯ ಗಾಳಿಯಲ್ಲಿ, ಗವಾಕ್ಷಿ ತೆರೆದುಕೊಂಡಿತು. ಹಿಂದಿನವರು ಬ್ರೌಸರ್ ಎನ್ನುತ್ತಿದ್ದುದು ಈಗ ಗಾಜಿನ ಪರದೆ ಬಿಟ್ಟು ಕೋಣೆಯಲ್ಲಿ ತೂಗುತ್ತಿತ್ತು. ಬನಹಟ್ಟಿಯ ಮಗ್ಗಗಳೆಲ್ಲ ಅದರ ಗುಂಡಿಗಳ ಮಾತನ್ನೇ ಕೇಳುತ್ತಿದ್ದವು. ಗುಂಡಿಗಳ ಮೇಲೆ ಅಕ್ಷರಗಳಿದ್ದವು. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟ ಶಂಕ್ರೆಪ್ಪನಿಗೆ ಅಕ್ಷರ ಒಗ್ಗಿರಲಿಲ್ಲ, ಜಾಗ ಒಗ್ಗಿತ್ತು. ಓಣಿಯ ಉಳಿದ ನೇಕಾರರಂತೆ ಅವನೂ ತೊಲೆಯಿಂದ ಬಣ್ಣದ ನೂಲು ಇಳಿಬಿಟ್ಟು ಪ್ರತಿ ಗುಂಡಿಯ ಜಾಗ ಗುರುತು ಮಾಡಿಕೊಂಡಿದ್ದ. ಕೆಂಪು ನೂಲಿನ ತುದಿಯಲ್ಲಿ ಒತ್ತಿದರೆ ಮಗ್ಗ ನಿಲ್ಲುತ್ತಿತ್ತು.

ಆ ಮಧ್ಯಾಹ್ನ ಸೆರಗು ಶುರುವಾಗುವ ಹೊತ್ತಿಗೆ ಅವನು ಕೆಂಪು ನೂಲಿನ ತುದಿ ಒತ್ತಿದ. ಮಗ್ಗ ನಿಲ್ಲಲಿಲ್ಲ. ಕತ್ತರಿ ಇಳಿದು ಸೀರೆಯನ್ನು ನಡುವೆಯೇ ಕೊಯ್ದುಬಿಟ್ಟಿತು. ನೇಯುತ್ತಿರುವಾಗಲೇ, ಹೇಳದೆ ಕೇಳದೆ, ಗವಾಕ್ಷಿಯ ಹೊಸ ಆವೃತ್ತಿ ಬಂದು ಗುಂಡಿಗಳೆಲ್ಲ ಜಾಗ ಬದಲಿಸಿದ್ದವು; ನಿಲ್ಲಿಸುವ ಗುಂಡಿಯ ಜಾಗಕ್ಕೆ ಕತ್ತರಿಯ ಗುಂಡಿ ಬಂದಿತ್ತು. ವರ್ಷದಲ್ಲಿ ಮೂರು ಸೀರೆ ಕೆಟ್ಟರೆ ಮಗ್ಗ ಬೇರೆಯವರಿಗೆ ಎಂಬುದು ನೇಕಾರರ ಸಂಘದ ನಿಯಮ. ಇದು ಮೂರನೆಯದು. ಸಂಜೆಗೆ ಮಗ್ಗ ಬಿಚ್ಚಲು ಬರುತ್ತಾರೆ.

ಸೀರೆ ಕೆಟ್ಟೊಡನೆ ಗವಾಕ್ಷಿಯೇ ತನ್ನನ್ನು ತಯಾರಿಸಿದ ಕಂಪನಿಗೆ ಕರೆ ಮಾಡಿತು. ಮೂಡಿದ ಮುಖ ಡಾ. ನಿರುಪಮಾ ಅವರದು. ಹೋದ ವರ್ಷ ಎರಡು ತಿಂಗಳು ಇದೇ ಮನೆಯಲ್ಲಿ ಉಳಿದು, ಅವನ ಹೆಂಡತಿ ಬಡಿದ ರೊಟ್ಟಿ ತಿಂದು, ಅವನ ಕೈಚಲನೆಯನ್ನು ದಾಖಲಿಸಿಕೊಂಡು ಹೋದ ವಿಜ್ಞಾನಿ. ನಿಮ್ಮನ್ನು ಕೇಳದೆ ಏನನ್ನೂ ಬದಲಿಸುವುದಿಲ್ಲ ಎಂದು ಮಾತು ಕೊಟ್ಟವರು.

"ಮೇಡಂ, ಕೇಳ್ತೀನಿ ಅಂದಿದ್ರಲ್ಲ."

"ಕೇಳಿದ್ದೇವೆ ಶಂಕ್ರೆಪ್ಪ, ನಿಮ್ಮ ಕೈಯನ್ನೇ ಕೇಳಿದ್ದೇವೆ. ಹೊಸದು ಬಂದಾಗ ಬಳಕೆದಾರರು ಸಿಡುಕುತ್ತಾರೆ. ಅದಕ್ಕೆ ಬದಲಾವಣೆ-ವಿರೋಧ ಅಂತೀವಿ. ಅದನ್ನು ಅಳೆಯಲಿಕ್ಕೆ ನಾನು ನಿಮ್ಮ ಮನೆಯಲ್ಲಿದ್ದಾಗ ದಿನಾ ರಾತ್ರಿ ಗುಂಡಿಗಳನ್ನ ಒಂದು ಬೆರಳಿನಷ್ಟು ಸರಿಸುತ್ತಿದ್ದೆ. ನಿಮ್ಮ ಕೈ ಒಮ್ಮೆಯೂ ತಪ್ಪಲಿಲ್ಲ. ಓದು ಬಾರದ ಕೈಯೇ ಇಷ್ಟು ಬೇಗ ಹೊಂದಿಕೊಂಡರೆ ಎಲ್ಲರೂ ಹೊಂದಿಕೊಳ್ಳುತ್ತಾರೆ ಅಂತ ಕಂಪನಿ ಒಪ್ಪಿತು. ಇವತ್ತು ನಲವತ್ತು ಕೋಟಿ ಜನಕ್ಕೆ ಒಟ್ಟಿಗೇ ಬದಲಾಗಿದೆ."

ಶಂಕ್ರೆಪ್ಪ ತಲೆ ಎತ್ತಿ ತೊಲೆ ನೋಡಿದ. "ಸರಸ್ತಿದ್ದೋರು ನೀವಾ? ಮನಿ ತೊಲಿ ಬಾಗಾಕತ್ತೈತಿ ಅಂತ ತಿಳಕೊಂಡಿದ್ನಲ್ರಿ ನಾ. ದಿನಾ ನೀವು ಏಳೂ ಮೊದಲ ಒತ್ತಿ ನೋಡಿ ಒಂದೊಂದ ನೂಲೂ ಸರಿಸಿ ಕಟ್ತಿದ್ದೆ. ನನ್ ಕೈ ಏನೂ ಕಲೀಲಿಲ್ಲ. ನೂಲು ಸರೀತು, ಅಷ್ಟ."

ನಿರುಪಮಾ ಮುಖ ಮುಂದಕ್ಕೆ ತಂದರು. "ಆಗಲೇ ಯಾಕೆ ಹೇಳಲಿಲ್ಲ?"

"ಮನೀಗೆ ಬಂದವರ ಮುಂದ ನಮ್ಮ ತೊಲಿ ಬಾಗೇತಿ ಅಂತ ಯಾರರ ಹೇಳ್ತಾರೇನ್ರಿ? ಆತು ಬಿಡ್ರಿ. ತಪ್ಪು ಗವಾಕ್ಷೀದು ಅಂತ ಸಂಘಕ್ಕ ಒಂದ್ ಸಾಲು ಬರದು ಕೊಡ್ರಿ. ಮಗ್ಗ ಉಳೀತೈತಿ."

"ಹಾಗೆ ಬರೆದರೆ ನನ್ನ ಅಧ್ಯಯನವೇ ಸುಳ್ಳು ಅಂದಂತಾಗುತ್ತೆ." ಅವರ ದನಿ ತಗ್ಗಿತು. "ನೂಲಿನ ವಿಷಯ ಬೇರೆ ಯಾರಿಗೂ ಹೇಳಬೇಡಿ, ಶಂಕ್ರೆಪ್ಪ."

ಅವನಿಗೆ ಆ ಮುಖ ನೋಡುವುದೇ ಬೇಡವಾಯಿತು. ಕರೆ ಮುಗಿಸಲು ಕೈ ಎತ್ತಿದ. ಆ ಗುಂಡಿಯೂ ಹಳೆಯ ಜಾಗದಲ್ಲಿರಲಿಲ್ಲ. ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

"ಮಾತು ಮುಗಸೂ ಗುಂಡಿ ಈಗ ಎಲ್ಲೈತ್ರಿ?"

ನಿರುಪಮಾ ಅವನ ಕಣ್ಣು ತಪ್ಪಿಸಿ, "ಎಡಕ್ಕೆ... ಇನ್ನೂ ಸ್ವಲ್ಪ ಕೆಳಗೆ" ಎಂದು ತೋರಿಸಿಕೊಟ್ಟರು.