ದಪ್ಪವಾಗದ ಹಾರ್ನ್

ಬೆಳಿಗ್ಗೆ ರಂಗೋಲಿ ಬಿಡುತ್ತಿದ್ದಾಗ ಆನೆಗೊಂದಿಯ ಕಡೆಯಿಂದ ಯಜಮಾನರ ಟೆಂಪೋ ಹಾರ್ನ್ ಕೇಳಿಸಿತು. ಕೈ ನಿಂತಿತು.

ಬಾಳೆಗೊನೆ ತುಂಬಿಕೊಂಡು ಗಂಗಾವತಿಗೆ ಹೋಗುವಾಗ ಅವರು ನಮ್ಮ ಮನೆ ದಾಟಿ ದೂರ ಹೋಗುವವರೆಗೂ ಹಾರ್ನ್ ಒತ್ತಿಯೇ ಇರುತ್ತಿದ್ದರು. ಬರುವಾಗ ಸಣ್ಣಗಿರುತ್ತಿದ್ದ ದನಿ ಬಾಗಿಲು ದಾಟಿದೊಡನೆ ದಪ್ಪವಾಗುತ್ತಿತ್ತು. ಆಗ ಮಗಳು ಹೇಮಾ ಕಣ್ಣು ಮುಚ್ಚಿಕೊಂಡೇ, "ಅಪ್ಪ ಹೋದ" ಎನ್ನುತ್ತಿದ್ದಳು. ಅವರು ತೀರಿಕೊಂಡು ವರ್ಷವಾಗಿತ್ತು. ಟೆಂಪೋ ಗುಜರಿಗೆ ಹೋಗಿತ್ತು. ಹೇಮಾ ಅಂದಿನಿಂದ ಮಾತೇ ಆಡಿರಲಿಲ್ಲ.

ಹಾರ್ನ್ ನನ್ನ ಮುಂದೆಯೇ ಹಾದುಹೋಯಿತು. ರಸ್ತೆಯಲ್ಲಿ ಏನೂ ಇರಲಿಲ್ಲ. ಬಿಸಿಗಾಳಿ ಮುಖಕ್ಕೆ ಬಡಿದು, ಬಟ್ಟಲಿನ ರಂಗೋಲಿ ಪುಡಿ ಗಂಗಾವತಿಯ ಕಡೆಗೆ ಹಾರಿತು. ಆದರೆ ದೂರ ಸಾಗಿದರೂ ದನಿ ದಪ್ಪವಾಗಲಿಲ್ಲ, ಸಣ್ಣಗೇ ಉಳಿಯಿತು.

"ನನ್ನ ಕಿವುಡ ಕಿವಿಗೂ ಕೇಳಾಕತ್ತೈತಿ, ಒಳಗ ಬಾರವ್ವ!" ಎಂದು ಅತ್ತೆ ಕೂಗಿದರು.

ನಾನು ಏಳಲಿಲ್ಲ. ಹೇಮಾ ಹೊಸ್ತಿಲಿಗೆ ಬಂದು ಕಣ್ಣು ಮುಚ್ಚಿ ಆಲಿಸುತ್ತಿದ್ದಳು. ಅವಳ ತುಟಿ ಅಲುಗಿತು.

ಹಾರ್ನ್ ಇನ್ನೂ ಕೇಳುತ್ತಲೇ ಇತ್ತು. ಅವಳು ನನ್ನ ಸೆರಗು ಜಗ್ಗಿದಳು.

"ಅವ್ವಾ, ದನಿ ದಪ್ಪ ಆಗಲೇ ಇಲ್ಲಲ್ಲ. ಅಪ್ಪ ಇನ್ನೂ ಬರಾಕತ್ಯಾನೇನು?"